ನೆರಳು ಕುಡಿದ ಎಲೆ

ಬೆಲಾರ್ಡ್ ಎಸ್ಟೇಟಿನ ಹಿಂದಿನ ಓಣಿಯಲ್ಲಿ ನಮ್ಮ ಅಂಗಡಿ.
ಹೊರಗೆ ಜುಲೈ. ಗೋಡೆಗಳೇ ಬೆವರುತ್ತವೆ.
ಗಾಜಿನ ಬಾಗಿಲಿನಾಚೆ ದೇವದಾರು ಹಲಗೆಗಳ ಕೋಣೆ,
ಅಲ್ಲೊಂದು ಮುಳ್ಳು ಅರವತ್ತೆಂಟರ ಮೇಲೆ ನಿಂತಿರಬೇಕು;
ಎಪ್ಪತ್ತರ ಕಡೆ ಸರಿದರೆ
ಮಿನೂ ಸೇಠರ ಹುಬ್ಬೂ ಸರಿಯುತ್ತದೆ.
ಬೇರೆ ಊರುಗಳಲ್ಲಿ ಸಿಗಾರಿಗೆ ನೀರುಣಿಸುತ್ತಾರಂತೆ.
ಮುಂಬಯಿಯಲ್ಲಿ ನನ್ನ ಕೆಲಸ
ಮಳೆಯನ್ನು ಹೊರಗಿಡುವುದು.

ಸೇಠರು ಸೇದುವುದಿಲ್ಲ.
ಪಾರ್ಸಿ. ಬೆಂಕಿಗೆ ಎಂಜಲು ತಾಗಬಾರದು.
ನಲವತ್ತು ವರ್ಷ, ಒಂದನ್ನೂ ಹೊತ್ತಿಸದೆ ಮಾರಿದವರು
ಮೂಗಿನಡಿ ಹಿಡಿದು, ಕಣ್ಣು ಮುಚ್ಚಿ ಗಿರಾಕಿಗೆ ಹೇಳುತ್ತಾರೆ:
"ಮೊದಲ ಸಲವೇ? ಹಾಗಾದರೆ ಸೌಮ್ಯವಾದದ್ದು.
ಕನೆಕ್ಟಿಕಟ್ ಅಂತ ಒಂದು ಹೊಳೆ. ಅದರ ದಂಡೆಯಲ್ಲಿ
ತೆಳು ಅರಿವೆಯ ಚಪ್ಪರದಡಿ ಗಿಡ ಬೆಳೆಸುತ್ತಾರೆ,
ಬಿಸಿಲು ಸೋಸಿ ಇಳಿಯಬೇಕು, ಹಾಲಿನ ಹಾಗೆ.
ಹೊದಿಕೆ ಅಲ್ಲಿಯದು. ಹೊಟ್ಟೆಯೊಳಗಿನದು ಡೊಮಿನಿಕನ್ ನಾಡಿನದು,
ಗಿಡದ ಬುಡದ ಎಲೆ, ನಡುವಿನ ಎಲೆ.
ತುದಿಯ ಎಲೆ ಸೂರ್ಯನನ್ನೇ ಕುಡಿದು ಕೆರಳಿರುತ್ತದೆ,
ಅದು ಇದರಲ್ಲಿಲ್ಲ.
ಒಣಹುಲ್ಲು, ಬೆಣ್ಣೆ, ಹುರಿದ ಬಾದಾಮಿ,
ಕೊನೆಗೆ, ಇದ್ದರೆ, ಒಂಚೂರು ಬಿಳಿಮೆಣಸು.
ಎದೆಗೆ ಎಳೆಯಬೇಡಿ.
ಬಾಯಲ್ಲೇ ಅಡ್ಡಾಡಿಸಿ ಬಿಟ್ಟುಬಿಡಿ."

ಬಿಲ್ಲು ಬರೆಯುವವನು ನಾನು. ಒಂದಕ್ಕೆ ಸಾವಿರದ ಎಂಟುನೂರು.
ನಿಪ್ಪಾಣಿಯ ವಖಾರಿಯಲ್ಲಿ ನಮ್ಮವ್ವ ಹೌಸಾಬಾಯಿ
ಮೂವತ್ತು ವರ್ಷ ತಂಬಾಕು ಜರಡಿ ಹಿಡಿದಳು,
ಯಾವ ವಾರದ ಪಗಾರವೂ ಅಷ್ಟಾಗಲಿಲ್ಲ.
ನಮ್ಮ ಮನೆಯಲ್ಲಿ ತಂಬಾಕಿಗೆ ಒಂದೇ ರುಚಿ: ಘಾಟು.
ಅವಳ ಸೀರೆಗೆ ಘಾಟು, ನನ್ನ ಪಾಟಿಗೆ ಘಾಟು,
ಸೆರಗಿನ ಗಂಟು ಬಿಚ್ಚಿ ಕೊಟ್ಟ ಪೆಪ್ಪರಮಿಂಟಿಗೂ.
ಅವಳು ತಟ್ಟಿದ ರೊಟ್ಟಿ ತಿಂದು ಸೀನಿದರೆ
"ದೃಷ್ಟಿ ಆಗೇತಿ" ಅನ್ನುತ್ತಿದ್ದಳು.

ಕೆಮ್ಮಿಗೆ ತೋರಿಸಲು ಪರೇಲಿಗೆ ಕರೆತಂದಾಗ
ಚೀಟಿ ಮರುದಿನಕ್ಕೆ ಅಂದರು. ಅಂಗಡಿಗೆ ಕರೆದೊಯ್ದೆ.
ಗಾಜಿನ ಬಾಗಿಲ ಮುಂದೆ ಚಪ್ಪಲಿ ಬಿಟ್ಟಳು. ಬೇಡವೆಂದರೂ ಕೇಳಲಿಲ್ಲ.
ಸೇಠರು ನಗುತ್ತ, ಹೊದಿಕೆ ಬಿರಿದು ಮಾರಲಾಗದ ಒಂದನ್ನು
ಅವಳ ಅಂಗೈಗಿಟ್ಟರು.
ಉಗುರಲ್ಲಿ ಎಬ್ಬಿಸಿದಳು. ಎಲೆ ಸುರುಳಿ ಸುರುಳಿಯಾಗಿ ಬಿಚ್ಚಿ ಬಂತು.
ಬಲ್ಬಿಗೆ ಹಿಡಿದು ನರ ನೋಡಿದಳು.
ಮೂಸಿದಳು. ಹೆಬ್ಬೆರಳಲ್ಲಿ ತಿಕ್ಕಿ ಮತ್ತೆ ಮೂಸಿದಳು.

"ಇದು ಬಿಸಲ ಕಂಡಿದ್ದಲ್ಲ.
ಮ್ಯಾಲ ಏನರ ಹೊಚ್ಚ್ಯಾರ."
ಆಮೇಲೆ ಒಳಗಿನದನ್ನು ಬೆರಳಲ್ಲಿ ಕೆದಕಿ,
"ಇದು ಬುಡದ ಎಲಿ. ನಾವು ಕಸದಾಗ ಹಾಕತಿದ್ವಿ."

ಹಿಂದಿಯಲ್ಲಿ ತಿರುಗಿಸಿ ಹೇಳಿದೆ, ಕಸದ ಮಾತು ಬಿಟ್ಟು.
ಸೇಠರು ಕುರ್ಚಿಯಿಂದ ಎದ್ದು ನಿಂತರು,
ಬಂದರಿನ ಸಾಹೇಬರಿಗೂ ಎದ್ದವರಲ್ಲ.

ರೈಲಿನಲ್ಲಿ ಕೇಳಿದಳು:
"ಘಾಟ ಇಲ್ಲ ಏನಿಲ್ಲ, ಅದಕ್ಯಾಕ ಅಷ್ಟು ರೊಕ್ಕ?"
"ಘಾಟ ಇಲ್ಲ ಅಂತನ, ಅವ್ವ."
ಮಸ್ಜಿದ್ ಬಂತು, ಸ್ಯಾಂಡ್‌ಹರ್ಸ್ಟ್ ರೋಡ್ ಬಂತು.
ಏನೋ ಹೇಳಹೊರಟಳು,
ಕೆಮ್ಮು ಮೊದಲು ಬಂತು.

ಈಗ ಹೊಸ ಮಾಲು ಬಂದಾಗೆಲ್ಲ
ಬಿರಿದದ್ದೊಂದನ್ನು ಸೇಠರು ಲಕೋಟೆಯಲ್ಲಿ ಹಾಕಿ
ನಿಪ್ಪಾಣಿ ಬಸ್ಸಿನ ಕಂಡಕ್ಟರನ ಕೈಗೆ ಕೊಡಿಸುತ್ತಾರೆ.
ಎರಡು ದಿನಕ್ಕೆ ಫೋನು.
ಮೊನ್ನೆ ಈಕ್ವೆಡಾರಿನದು ಕಳಿಸಿದ್ದೆವು, ಹೆಸರು ಹೇಳದೆ.
"ಇದಕ್ಕ ಅರಿವಿ ಹೊಚ್ಚಿಲ್ಲ," ಅಂದಳು,
"ಆದರೂ ನೆರಳು ಕುಡದೇತಿ. ಆ ಊರಾಗ ಮೋಡ ಜಾಸ್ತಿ ಏನು?"

ಸೇಠರು ಪೆಟ್ಟಿಗೆಯ ಮುಚ್ಚಳದೊಳಗೆ ಚೀಟಿ ಅಂಟಿಸಿದರು.
ಇಂಗ್ಲಿಷಿನಲ್ಲಿ: ಸೌಮ್ಯ. ಕೆನೆ, ದೇವದಾರು, ಬಾದಾಮಿ.
ಅದರ ಕೆಳಗೆ, ಯಾವ ಗಿರಾಕಿಗೂ ಬೇಡವಾದ
ಗುಜರಾತಿಯ ಸಣ್ಣ ಅಕ್ಷರದಲ್ಲಿ:
ಮೋಡ. ನಿಪ್ಪಾಣಿಯ ಬಾಯಿ ಹೇಳಿದ್ದು.